ಬಾಯಿಗೆ ನಿಪ್ಪಲ್ ಕೊಟ್ಟರೆ ಮಗುವಿಗೆ ಮಾತು ತಡವಾಗುತ್ತದೆಯೇ?

“ಕೂಸಿನ ಬಾಯಿಗೆ ನಿಪ್ಪಲ್ ಹಾಕಬೇಡಿ, ಮಾತೇ ಬರಲ್ಲ.” ಫ್ಯಾಮಿಲಿ ಗ್ರೂಪಿನಲ್ಲಿ ಯಾರಾದರೂ ಮಗುವಿನ ಫೋಟೊ ಹಾಕಿ, ಅದರ ಬಾಯಲ್ಲಿ ಪ್ಯಾಸಿಫೈಯರ್ ಕಂಡರೆ ಸಾಕು, ಈ ಮಾತು ಬಂದೇ ಬರುತ್ತದೆ. ಹಿಂದೆಯೇ ಒಂದು ಫಾರ್ವರ್ಡ್: ವಿದೇಶದ ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ, ನಿಪ್ಪಲ್ ಚೀಪುವ ಮಕ್ಕಳು ಮೂಗರಾಗುತ್ತಾರೆ, ಬುದ್ಧಿ ಬೆಳೆಯುವುದಿಲ್ಲ, ಎಲ್ಲ ತಾಯಂದಿರಿಗೂ ತಿಳಿಸಿ. ಮಗುವಿನ ತಾಯಿ ಉತ್ತರ ಬರೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಫೋಟೊ ಡಿಲೀಟ್ ಆಗಿರುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡೋಣ. ಪ್ಯಾಸಿಫೈಯರ್‌ನಿಂದ ಮಗು ಮೂಕವಾಗುತ್ತದೆ ಎಂಬುದು ಸುಳ್ಳು. ಆದರೆ ‘ಏನೂ ಆಗಲ್ಲ ಬಿಡಿ’ ಎಂದು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ವರ್ಷ ತುಂಬಿದ ಮೇಲೂ, ಎಚ್ಚರವಾಗಿರುವ ಹೊತ್ತಿನಲ್ಲೂ, ದಿನಕ್ಕೆ ಹಲವು ಗಂಟೆ ಬಾಯಲ್ಲಿ ನಿಪ್ಪಲ್ ಇರುವ ಮಕ್ಕಳಿಗೆ ಗೊತ್ತಿರುವ ಪದಗಳು ಸರಾಸರಿಯಲ್ಲಿ ಸ್ವಲ್ಪ ಕಡಿಮೆ ಎಂದು ಈಚಿನ ಒಂದು ದೊಡ್ಡ ಅಧ್ಯಯನ ತೋರಿಸಿದೆ. ನಿಪ್ಪಲ್ಲೇ ಅದಕ್ಕೆ ಕಾರಣ ಎಂದು ಮಾತ್ರ ಯಾರೂ ಸಾಬೀತು ಮಾಡಿಲ್ಲ. ಈ ಎರಡು ಮಾತುಗಳ ನಡುವಿನ ವ್ಯತ್ಯಾಸ ಫಾರ್ವರ್ಡಿನಲ್ಲಿ ಕಳೆದುಹೋಗುತ್ತದೆ.

ಯಾವ ನಿಪ್ಪಲ್ ಬಗ್ಗೆ ಮಾತಾಡುತ್ತಿದ್ದೇವೆ?

ನಮ್ಮಲ್ಲಿ ಹಾಲಿನ ಬಾಟಲಿಯ ರಬ್ಬರಿಗೂ ನಿಪ್ಪಲ್ ಎನ್ನುತ್ತಾರೆ, ಮೆಡಿಕಲ್ ಶಾಪಿನಲ್ಲಿ ಸಿಗುವ ಚೀಪುವ ರಬ್ಬರಿಗೂ ನಿಪ್ಪಲ್ ಎನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು. ಅದರಲ್ಲಿ ಹಾಲು ಬರುವುದಿಲ್ಲ. ಮುಂದೆ ರಬ್ಬರ್ ಅಥವಾ ಸಿಲಿಕೋನ್ ತುದಿ, ನುಂಗದಂತೆ ಅಗಲವಾದ ಬಿಲ್ಲೆ, ಹಿಂದೆ ಒಂದು ಉಂಗುರ. ಖಾಲಿ ಹಾಲಿನ ಬಾಟಲಿಯನ್ನೇ ಅಳು ನಿಲ್ಲಿಸಲು ಬಾಯಿಗಿಡುವ ಮನೆಗಳೂ ಇವೆ. ಬಾಯಿ ತುಂಬಿಕೊಂಡಿರುತ್ತದೆ ಎಂಬ ಮಟ್ಟಿಗೆ ಅದರ ಕೆಲಸವೂ ಇದೇ.

ನಾರ್ವೆಯ ಅಧ್ಯಯನದಲ್ಲಿ ಏನಿದೆ?

ಫಾರ್ವರ್ಡ್‌ಗಳು ಹೇಳುವ ‘ವಿದೇಶದ ವಿಜ್ಞಾನಿಗಳು’ ಯಾರೋ ಗೊತ್ತಾಗುವುದಿಲ್ಲ, ಆದರೆ ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ದೊಡ್ಡ ಅಧ್ಯಯನವೊಂದು ನಾರ್ವೆಯದು. ಓಸ್ಲೋ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಇದರಲ್ಲಿ ಒಂದು ಮತ್ತು ಎರಡು ವರ್ಷದ 1,187 ಮಕ್ಕಳ ಮಾಹಿತಿ ಇದೆ. ಮಗು ಹುಟ್ಟಿದಾಗಿನಿಂದ ದಿನಕ್ಕೆ ಎಷ್ಟು ಗಂಟೆ ಪ್ಯಾಸಿಫೈಯರ್ ಚೀಪುತ್ತಿತ್ತು ಎಂದು ತಂದೆತಾಯಿಯರನ್ನು ಕೇಳಿದರು. ಜೊತೆಗೆ ಒಂದು ಪದಪಟ್ಟಿ ಕೊಟ್ಟು, ಇದರಲ್ಲಿ ಮಗುವಿಗೆ ಯಾವ ಪದಗಳು ಅರ್ಥವಾಗುತ್ತವೆ, ಯಾವುವನ್ನು ಅದು ತಾನೇ ಹೇಳುತ್ತದೆ ಎಂದು ಗುರುತು ಹಾಕಿಸಿದರು.

ಹೆಚ್ಚು ಕಾಲ, ಹೆಚ್ಚು ಹೊತ್ತು ಚೀಪಿದ ಮಕ್ಕಳ ಪದಗಳು ಕಡಿಮೆ ಇದ್ದವು. ಹೇಳುವ ಪದಗಳಷ್ಟೇ ಅಲ್ಲದೆ ಅರ್ಥವಾಗುವ ಪದಗಳೂ ಕಡಿಮೆ. ಎಳೆಗೂಸಾಗಿದ್ದಾಗ ಚೀಪಿದ್ದಕ್ಕಿಂತ, ಬೆಳೆಯುತ್ತ ಹೋದ ಮೇಲೂ ಚೀಪುತ್ತಿದ್ದುದಕ್ಕೂ ಪದ ಕಡಿಮೆಯಾಗಿರುವುದಕ್ಕೂ ನಂಟು ಗಟ್ಟಿಯಾಗಿತ್ತು. ಅಂದರೆ ಮೂರು ತಿಂಗಳ ಕೂಸು ಮಲಗುವಾಗ ಚೀಪುವುದೂ ಒಂದೂವರೆ ವರ್ಷದ ಮಗು ಆಟವಾಡುತ್ತಲೇ ಚೀಪುವುದೂ ಒಂದೇ ಅಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇದು ಗುಂಪಿನ ಸರಾಸರಿಯ ಮಾತು. ಚೀಪಿದ ಮಕ್ಕಳಲ್ಲಿ ಮಾತಿನ ಮಲ್ಲರೂ ಇರುತ್ತಾರೆ, ಒಮ್ಮೆಯೂ ಚೀಪದ ಮಕ್ಕಳಲ್ಲಿ ತಡವಾಗಿ ಮಾತು ಕಲಿತವರೂ ಇರುತ್ತಾರೆ. ಇನ್ನೂ ಮುಖ್ಯವಾದದ್ದು, ಇಂಥ ಅಧ್ಯಯನದಿಂದ ಯಾವುದು ಮೊದಲು, ಯಾವುದು ನಂತರ ಎಂದು ತಿಳಿಯುವುದಿಲ್ಲ. ಹೆಚ್ಚು ಅಳುವ, ರಚ್ಚೆ ಹಿಡಿಯುವ ಮಗುವಿಗೆ ಮನೆಯವರು ಹೆಚ್ಚು ಹೊತ್ತು ನಿಪ್ಪಲ್ ಕೊಡುತ್ತಾರೆ. ಬೇಕಾದದ್ದನ್ನು ಮಾತಿನಲ್ಲಿ ಕೇಳಲು ಬಾರದ ಮಗು ಹೆಚ್ಚು ರಚ್ಚೆ ಹಿಡಿಯುತ್ತದೆ. ಹಾಗಿದ್ದರೆ ಮಾತು ತಡವಾದದ್ದರಿಂದ ನಿಪ್ಪಲ್ ಹೆಚ್ಚಾಯಿತೋ, ನಿಪ್ಪಲ್ಲಿನಿಂದ ಮಾತು ತಡವಾಯಿತೋ? ಮಳೆ ಬಂದ ದಿನ ಕೊಡೆಗಳು ಹೆಚ್ಚು ಕಾಣುತ್ತವೆ. ಕೊಡೆಯಿಂದ ಮಳೆ ಬಂತು ಎಂದು ಯಾರೂ ಹೇಳುವುದಿಲ್ಲ. ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ನಾವು ಸಲೀಸಾಗಿ ಹಾಗೆ ಹೇಳಿಬಿಡುತ್ತೇವೆ.

‘ಓದು’ ಮತ್ತು ‘ಓಡು’: ಬಾಯಿ ಕಟ್ಟಿದರೆ ಕಿವಿಗೂ ತೊಂದರೆಯೇ?

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ ಪ್ರಯೋಗ ಕೆನಡಾದ್ದು. ಕನ್ನಡದವರಿಗೆ ಅದು ಬೇಗ ಅರ್ಥವಾಗುತ್ತದೆ.

‘ಓದು’ ಎನ್ನುವಾಗ ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ. ‘ಓಡು’ ಎನ್ನುವಾಗ ಅದೇ ತುದಿ ಮೇಲಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ದ ಮತ್ತು ಡ ನಮಗೆ ಬೇರೆಬೇರೆ ಅಕ್ಷರ, ಅರ್ಥವೂ ಬೇರೆಯಾಗುತ್ತದೆ. ಇಂಗ್ಲಿಷ್ ಮನೆಮಾತಿನವರಿಗೆ ಈ ವ್ಯತ್ಯಾಸ ಕಿವಿಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ಆರು ತಿಂಗಳ ಮಗುವಿಗೆ, ಅದು ಯಾವ ದೇಶದ್ದೇ ಆಗಿರಲಿ, ಸಿಗುತ್ತದೆ. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಮಕ್ಕಳು ಹಿಂದಿಯ ಈ ಎರಡು ದನಿಗಳನ್ನು ಬೇರೆ ಎಂದು ಗುರುತಿಸುತ್ತಾರೆ, ವರ್ಷ ತುಂಬುವ ಹೊತ್ತಿಗೆ ಅದನ್ನು ಬಹುಪಾಲು ಕಳೆದುಕೊಳ್ಳುತ್ತಾರೆ ಎಂದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲೇ ತೋರಿಸಿದ್ದರು. ಕೇಳದ ದನಿಯನ್ನು ಮಿದುಳು ನಿಧಾನವಾಗಿ ಬಿಟ್ಟುಕೊಡುತ್ತದೆ.

2015ರಲ್ಲಿ ವರ್ಕರ್ ಅವರ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಇದೇ ದ-ಡ ಜೋಡಿಯನ್ನು ಮತ್ತೆ ಕೈಗೆತ್ತಿಕೊಂಡಿತು. ಇಂಗ್ಲಿಷ್ ಮನೆಗಳ ಆರು ತಿಂಗಳ ಮಕ್ಕಳಿಗೆ ಆ ದನಿಗಳನ್ನು ಕೇಳಿಸುವಾಗ ಬಾಯಲ್ಲಿ ಹಲ್ಲು ಬರುವಾಗ ಕಡಿಯಲು ಕೊಡುವ ಟೀದರ್ ಇಟ್ಟರು. ಒಂದು ಬಗೆಯದು ಚಪ್ಪಟೆ, ನಾಲಿಗೆಯ ತುದಿಯನ್ನು ಅಲ್ಲಾಡಲು ಬಿಡುವುದಿಲ್ಲ. ಇನ್ನೊಂದು ವಸಡಿನ ನಡುವೆ ಮಾತ್ರ ಕೂರುತ್ತದೆ, ನಾಲಿಗೆ ಸ್ವತಂತ್ರ. ನಾಲಿಗೆ ಸ್ವತಂತ್ರವಾಗಿದ್ದ ಮಕ್ಕಳು ದ ಮತ್ತು ಡ ಬೇರೆ ಎಂದು ಗುರುತಿಸಿದರು. ನಾಲಿಗೆಯ ತುದಿ ಕಟ್ಟಿಹೋದವರು ಗುರುತಿಸಲಿಲ್ಲ. ಆ ಮಕ್ಕಳು ಇನ್ನೂ ಒಂದು ಪದವನ್ನೂ ಆಡಿದವರಲ್ಲ. ಅಂದರೆ ಕೇಳಿಸಿಕೊಳ್ಳುವುದು ಕಿವಿಯೊಂದರ ಕೆಲಸವಲ್ಲ, ನಾಲಿಗೆಯೂ ಅದರಲ್ಲಿ ಪಾಲುದಾರ.

ಇದರಿಂದ ಎಷ್ಟು ದೂರ ಹೋಗಬಹುದು? ಹೆಚ್ಚು ದೂರವಿಲ್ಲ. ಪ್ರಯೋಗ ನಡೆದದ್ದು ಕೆಲವು ನಿಮಿಷ. ಟೀದರ್ ತೆಗೆದ ಮೇಲೂ ತೊಂದರೆ ಉಳಿಯಿತು ಎಂದು ಅದು ಹೇಳುವುದಿಲ್ಲ. ಅದರಲ್ಲಿ ಪ್ಯಾಸಿಫೈಯರ್ ಇರಲೂ ಇಲ್ಲ. ಆದರೂ ಎಚ್ಚರವಾಗಿರುವ, ಮನೆಮಂದಿಯ ಮಾತು ಕೇಳುತ್ತಿರುವ ಮಗುವಿನ ಬಾಯಿ ದಿನವಿಡೀ ತುಂಬಿರುವುದು ಯಾಕೆ ಒಳ್ಳೆಯದಲ್ಲದಿರಬಹುದು ಎಂಬುದಕ್ಕೆ ಇದೊಂದು ಸುಳಿವು. ಇನ್ನೊಂದು ಸುಳಿವಿಗೆ ಪ್ರಯೋಗಾಲಯ ಬೇಕಿಲ್ಲ. ಆರರಿಂದ ಹತ್ತು ತಿಂಗಳ ನಡುವೆ ಮಕ್ಕಳು ‘ಬಬಬ’, ‘ದದದ’, ‘ಮಮಮ’ ಎಂದು ಗಂಟೆಗಟ್ಟಲೆ ಅಭ್ಯಾಸ ನಡೆಸುತ್ತಾರೆ. ಬಾಯಲ್ಲಿ ರಬ್ಬರ್ ಇದ್ದರೆ ಆ ಅಭ್ಯಾಸ ಅಷ್ಟರಮಟ್ಟಿಗೆ ನಿಲ್ಲುತ್ತದೆ.

ಎದುರಿಗಿರುವ ದೊಡ್ಡವರ ವಿಷಯವೂ ಇದೆ. ಮಗು ‘ಬಾ’ ಎಂದರೆ ಅಜ್ಜಿ ‘ಬಾ ಅಂದ್ಯಾ? ಎಲ್ಲಿಗೆ ಬರ್ಲಿ ಕಂದಾ?’ ಎನ್ನುತ್ತಾಳೆ. ಬಾಯಿ ಮುಚ್ಚಿದ ಮಗು ಏನೂ ಎನ್ನುವುದಿಲ್ಲ, ಅಜ್ಜಿಯೂ ಸುಮ್ಮನಾಗುತ್ತಾಳೆ. ಪ್ಯಾಸಿಫೈಯರ್ ಇಟ್ಟ ಮಕ್ಕಳ ಚಿತ್ರಗಳನ್ನು ತೋರಿಸಿದಾಗ ಆ ಮುಖದ ಸಂತೋಷ-ದುಃಖ ದೊಡ್ಡವರಿಗೆ ಅಷ್ಟು ಗಾಢವಾಗಿ ಕಾಣುವುದಿಲ್ಲ, ನೋಡುವವರ ಮುಖವೂ ಅಷ್ಟು ಪ್ರತಿಕ್ರಿಯಿಸುವುದಿಲ್ಲ ಎಂದು ಮನಶ್ಶಾಸ್ತ್ರಜ್ಞರು ಪ್ರಯೋಗದಲ್ಲಿ ಕಂಡಿದ್ದಾರೆ. ಅಳುವ ಮಗುವಿನ ಕೈಗೆ ಮೊಬೈಲ್ ಕೊಟ್ಟು ಸುಮ್ಮನಿರಿಸಿದಾಗ ಆಗುವುದೂ ಇದೇ, ಮಾತುಕತೆ ನಿಲ್ಲುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ವಿಡಿಯೊ ಕರೆ ಬಿಟ್ಟು ಯಾವ ಸ್ಕ್ರೀನೂ ಬೇಡ ಎಂದು ಭಾರತೀಯ ಮಕ್ಕಳ ತಜ್ಞರ ಸಂಘ 2021ರಲ್ಲಿ ಹೇಳಿದೆ. ನಿಪ್ಪಲ್ ಬಿಡಿಸಿ ಯೂಟ್ಯೂಬ್ ಹಾಕಿಕೊಟ್ಟರೆ ಲಾಭವೇನೂ ಇಲ್ಲ.

ಉಚ್ಚಾರಣೆಯ ಮೇಲೆ ಪರಿಣಾಮ ಇದೆಯೇ?

ಎಷ್ಟು ಪದ ಗೊತ್ತು ಎಂಬುದು ಒಂದು, ಗೊತ್ತಿರುವ ಪದವನ್ನು ಎಷ್ಟು ಸ್ಪಷ್ಟವಾಗಿ ಹೇಳುತ್ತದೆ ಎಂಬುದು ಇನ್ನೊಂದು. ಎರಡನೆಯದರ ಬಗ್ಗೆ ಅಧ್ಯಯನಗಳು ಒಂದೇ ದಿಕ್ಕಿನಲ್ಲಿಲ್ಲ. ದಕ್ಷಿಣ ಚಿಲಿಯ ಪ್ಯಾಟಗೋನಿಯಾದಲ್ಲಿ 3ರಿಂದ 5 ವರ್ಷದ 128 ಮಕ್ಕಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೂರು ವರ್ಷ ದಾಟಿಯೂ ಪ್ಯಾಸಿಫೈಯರ್ ಬಿಡದವರಲ್ಲಿ ಉಚ್ಚಾರಣೆಯ ದೋಷದ ಸಂಭವ ಸುಮಾರು ಮೂರು ಪಟ್ಟು ಕಂಡಿತು. ಬೆರಳು ಚೀಪುವ ಮಕ್ಕಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಇಂಗ್ಲೆಂಡಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಗಟ್ಟಿ ಸಂಬಂಧ ಬಹುಪಾಲು ಕಾಣಲಿಲ್ಲ. ಹಗಲು ಹೊತ್ತು ಹೆಚ್ಚು ಚೀಪುವವರಲ್ಲಿ ಮಾತ್ರ ಕೆಲವು ವಿಚಿತ್ರ ತಪ್ಪು ಉಚ್ಚಾರಣೆಗಳು ಹೆಚ್ಚಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹಗಲಿನ ಬಳಕೆ ಮತ್ತು ದೊಡ್ಡವರಾದ ಮೇಲಿನ ಬಳಕೆ, ಈ ಎರಡರ ಮೇಲೇ ಅನುಮಾನ ನಿಲ್ಲುತ್ತದೆ. ಮೂರು ವರ್ಷ ದಾಟಿದರೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಸಂದಿ ಬೀಳುವ ಅಪಾಯವಂತೂ ದಂತವೈದ್ಯರಿಗೆ ಚೆನ್ನಾಗಿ ಗೊತ್ತಿರುವುದೇ.

ಕಿವಿ ಸೋಂಕಿನ ದಾರಿ

ಇದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ, ಆದರೆ ಇದಕ್ಕೇ ಪುರಾವೆ ಹೆಚ್ಚು ಬಲವಾಗಿದೆ. ಫಿನ್ಲೆಂಡಿನಲ್ಲಿ ಮಕ್ಕಳ ಆರೋಗ್ಯ ಕೇಂದ್ರಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ತಂದೆತಾಯಿಯರಿಗೆ ‘ಆರು ತಿಂಗಳ ನಂತರ ಮಲಗಿಸುವಾಗ ಮಾತ್ರ ಪ್ಯಾಸಿಫೈಯರ್ ಕೊಡಿ’ ಎಂದು ತಿಳಿಹೇಳಿದರು. ಆ ಗುಂಪಿನ ಮಕ್ಕಳಲ್ಲಿ ನಡುಗಿವಿಯ ಸೋಂಕು 29% ಕಡಿಮೆಯಾಯಿತು. ಈ ಫಲಿತಾಂಶ ಪ್ರಕಟವಾದದ್ದು 2000ರಲ್ಲಿ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಾಳದ ಮೂಲಕ ಸೋಂಕು ಹತ್ತುತ್ತದೆ, ಚೀಪುವುದು ಅದಕ್ಕೆ ನೆರವಾಗುತ್ತದೆ ಎಂಬುದು ತಜ್ಞರ ವಿವರಣೆ. ಸೋಂಕು ಪದೇಪದೇ ಬಂದು ಕಿವಿಯೊಳಗೆ ನೀರು ನಿಂತರೆ, ಮಗುವಿಗೆ ಮಾತು ನೀರಿನೊಳಗಿಂದ ಕೇಳಿದ ಹಾಗೆ ಮಂದವಾಗಿ ಕೇಳಿಸುತ್ತದೆ. ಹಾಗಾಗಿ ಪದೇಪದೇ ಕಿವಿ ನೋವು, ಕಿವಿ ಸೋರುವುದು ಇರುವ ಮಗುವಿಗೆ ನಿಪ್ಪಲ್ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದರೆ ಆ ಮಾತಿಗೆ ಆಧಾರವಿದೆ.

ಹಾಗಾದರೆ ಡಾಕ್ಟರುಗಳೇ ಯಾಕೆ ಕೊಡುತ್ತಾರೆ?

ಏಕೆಂದರೆ ಅದಕ್ಕೆ ನಿಜವಾದ ಉಪಯೋಗಗಳಿವೆ. ತಿಂಗಳು ತುಂಬದೆ ಹುಟ್ಟಿ ಎನ್‌ಐಸಿಯುನಲ್ಲಿರುವ, ನಳಿಕೆಯಿಂದ ಹಾಲು ಪಡೆಯುವ ಕೂಸುಗಳಿಗೆ ಚೀಪಲು ಕೊಟ್ಟರೆ ಅವು ಬೇಗ ಬಾಯಿಂದ ಹಾಲು ಕುಡಿಯಲು ಕಲಿಯುತ್ತವೆ, ಬೇಗ ಮನೆಗೆ ಹೋಗುತ್ತವೆ. ಸೂಜಿ ಚುಚ್ಚುವಾಗ ನೋವು ತಡೆಯಲೂ ಅದು ನೆರವಾಗುತ್ತದೆ. ಚೆನ್ನಾಗಿದ್ದ ಮಗು ನಿದ್ದೆಯಲ್ಲೇ ಕಾರಣ ತಿಳಿಯದೆ ತೀರಿಕೊಳ್ಳುವ ಸಿಡ್ಸ್ ಎಂಬ ಸ್ಥಿತಿಯಿದೆ. ಮಲಗುವಾಗ ಪ್ಯಾಸಿಫೈಯರ್ ಇದ್ದ ಮಕ್ಕಳಲ್ಲಿ ಅದು ಕಡಿಮೆ ಎಂದು ಕಂಡುಬಂದದ್ದರಿಂದ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2005ರಿಂದ ಮಲಗಿಸುವಾಗ ಪ್ಯಾಸಿಫೈಯರ್ ಕೊಡುವುದನ್ನು ಪರಿಗಣಿಸಿ ಎನ್ನುತ್ತಿದೆ. ನಿದ್ದೆ ಹತ್ತಿದ ಮೇಲೆ ಬಾಯಿಂದ ಬಿದ್ದುಹೋದರೆ ಮತ್ತೆ ತುರುಕಬೇಕಿಲ್ಲ. ಎದೆಹಾಲು ಕುಡಿಯುವ ಮಗುವಾದರೆ ಹಾಲು ಸರಿಯಾಗಿ ಹಿಡಿಯುವವರೆಗೆ, ಅಂದರೆ ಮೊದಲ ಮೂರು-ನಾಲ್ಕು ವಾರ, ಕೊಡದಿರುವುದೇ ಲೇಸು. ಹಸಿದು ಬಾಯಿ ಚಪ್ಪರಿಸುವ ಕೂಸಿಗೆ ರಬ್ಬರ್ ಕೊಟ್ಟರೆ ಒಂದು ಹೊತ್ತಿನ ಹಾಲು ತಪ್ಪುತ್ತದೆ, ಅದು ಮಾತಿಗಿಂತ ಮೊದಲಿನ ಚಿಂತೆ.

ಅಮೆರಿಕದ ಕುಟುಂಬ ವೈದ್ಯರ ನಿಯತಕಾಲಿಕದಲ್ಲಿ 2009ರಲ್ಲಿ ಬಂದ ವಿಮರ್ಶೆಯೊಂದು ಲಾಭ-ನಷ್ಟ ಎರಡನ್ನೂ ತೂಗಿ, ಆರರಿಂದ ಹತ್ತು ತಿಂಗಳ ಹೊತ್ತಿಗೆ ನಷ್ಟದ ತಟ್ಟೆ ಕೆಳಗಿಳಿಯತೊಡಗುತ್ತದೆ, ಎರಡು ವರ್ಷದ ನಂತರ ಇನ್ನೂ ಹೆಚ್ಚುತ್ತದೆ ಎಂದಿದೆ. ನನಗೆ ಇದು ಒಪ್ಪುವಂಥ ಲೆಕ್ಕ. ಆರು ತಿಂಗಳವರೆಗೆ ಮಲಗಿಸಲು ನಿಪ್ಪಲ್ ಕೊಡುವ ತಾಯಿಯನ್ನು ಯಾರೂ ಬೈಯಬೇಕಿಲ್ಲ. ಆಮೇಲೆ ಹಗಲು ಹೊತ್ತಿನದನ್ನು ಮೊದಲು ಬಿಡಿಸಿ, ನಿದ್ದೆಯದನ್ನು ನಿಧಾನವಾಗಿ ಬಿಡಿಸಬಹುದು. ಎಚ್ಚರವಾದ ಕೂಡಲೇ ಅದು ಕಣ್ಣಿಗೆ ಕಾಣದ ಜಾಗಕ್ಕೆ ಹೋಗಲಿ. ಮಗು ಅದನ್ನು ಬಾಯಲ್ಲಿಟ್ಟುಕೊಂಡೇ ಏನೋ ಹೇಳಲು ಹೊರಟರೆ, ‘ತೆಗೆದು ಹೇಳು ಪುಟ್ಟಾ, ಕೇಳಿಸ್ತಿಲ್ಲ’ ಎಂದರಾಯಿತು. ಬೇವಿನ ರಸವನ್ನೋ ಖಾರವನ್ನೋ ಸವರಿ ಬಿಡಿಸುವ ಹಳೆಯ ಉಪಾಯ ಬೇಡ.

ಸವರುವ ಮಾತು ಬಂದಾಗ ಜೇನಿನ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಮಾತು ಬೇಗ ಬರಲಿ ಎಂದು ಬಜೆ ಬೇರು ತೇಯ್ದು ಕೂಸಿನ ನಾಲಿಗೆಗೆ ಸವರುವ ರೂಢಿಯಿದೆ, ಕೆಲವರು ಜೇನು ಸೇರಿಸುತ್ತಾರೆ, ನಿಪ್ಪಲ್ಲನ್ನೂ ಜೇನಿನಲ್ಲಿ ಅದ್ದಿ ಕೊಡುತ್ತಾರೆ. ಬಜೆಯಿಂದ ಮಾತು ಬೇಗ ಬರುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಜೇನಿನಿಂದ ಅಪಾಯವಿದೆ ಎಂಬುದಕ್ಕೆ ಪುರಾವೆಯಿದೆ. ವರ್ಷ ತುಂಬದ ಮಗುವಿನ ಹೊಟ್ಟೆಯಲ್ಲಿ ಜೇನಿನೊಳಗಿನ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟುಮಾಡಿ, ಸ್ನಾಯುಗಳ ಬಲ ಕುಂದಿಸುತ್ತದೆ, ಉಸಿರಾಟವೇ ನಿಲ್ಲಬಹುದು. ಇದಕ್ಕೆ ಶಿಶು ಬೊಟುಲಿಸಂ ಎನ್ನುತ್ತಾರೆ. ಜೇನು ತುಂಬಿದ ಪ್ಯಾಸಿಫೈಯರ್ ಬಳಸಿದ ನಾಲ್ಕು ಮಕ್ಕಳು ಟೆಕ್ಸಾಸ್‌ನಲ್ಲಿ ಹೀಗೆ ಆಸ್ಪತ್ರೆ ಸೇರಿದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಎಚ್ಚರಿಕೆ ಹೊರಡಿಸಿತು. ಒಂದು ವರ್ಷದವರೆಗೆ ಜೇನು ಬೇಡವೇ ಬೇಡ. ಕಳೆದುಹೋಗದಿರಲಿ ಎಂದು ನಿಪ್ಪಲ್ಲಿಗೆ ದಾರ ಕಟ್ಟಿ ಕೊರಳಿಗೆ ಹಾಕುವುದೂ ಬೇಡ, ಕುತ್ತಿಗೆಗೆ ಬಿಗಿಯುವ ಅಪಾಯವಿದೆ.

ನಿಪ್ಪಲ್ ಬಿಡಿಸಿದರೆ ಮಾತು ತಾನಾಗಿ ಬರುತ್ತದೆಯೇ?

ಈ ಲೇಖನ ಬರೆಯಲು ಹೊರಟದ್ದೇ ಈ ಪ್ರಶ್ನೆಗಾಗಿ. ‘ನಿಪ್ಪಲ್ಲಿನಿಂದ ಮಾತು ನಿಂತಿದೆ’ ಎಂಬ ಫಾರ್ವರ್ಡಿನ ನಿಜವಾದ ಹಾನಿ ಅದು ತಾಯಿಯ ಮೇಲೆ ಹೊರಿಸುವ ತಪ್ಪಿನಲ್ಲಷ್ಟೇ ಇಲ್ಲ. ಕಾರಣ ಸಿಕ್ಕಿತು ಎಂದು ಮನೆಯವರು ಸುಮ್ಮನಾಗುತ್ತಾರೆ. ನಿಪ್ಪಲ್ ಬಿಡಿಸಿ ಆರು ತಿಂಗಳು ಕಾಯುತ್ತಾರೆ. ‘ಗಂಡುಮಕ್ಕಳಿಗೆ ಮಾತು ತಡ’, ‘ಅವರಪ್ಪನಿಗೂ ಮೂರು ವರ್ಷಕ್ಕೇ ಬಂದದ್ದು’, ‘ಮನೆಯಲ್ಲಿ ಎರಡು ಭಾಷೆ, ಅದಕ್ಕೇ ಗೊಂದಲ’ ಎನ್ನುತ್ತ ಇನ್ನಾರು ತಿಂಗಳು. ಅಷ್ಟರಲ್ಲಿ ಮಿದುಳು ಭಾಷೆಯನ್ನು ಬಲು ಸುಲಭವಾಗಿ ಕಲಿಯುವ ಕಾಲ ಕಳೆಯುತ್ತಿರುತ್ತದೆ.

ಮಾತು ತಡವಾದಾಗ ಮೊದಲು ನೋಡಬೇಕಾದದ್ದು ಕಿವಿ. ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದೆರಡು ಮಕ್ಕಳಿಗೆ ಹುಟ್ಟಿನಿಂದಲೇ ಶ್ರವಣದೋಷವಿರುತ್ತದೆ. ತೀರ ಹತ್ತಿರದ ಸಂಬಂಧದಲ್ಲಿ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಕುಟುಂಬಗಳಲ್ಲಿ ಈ ಸಂಭವ ಇನ್ನೂ ಹೆಚ್ಚು. ಮನೆಯಲ್ಲಿ ತಟ್ಟೆ ಬೀಳಿಸಿ, ಚಪ್ಪಾಳೆ ತಟ್ಟಿ ಪರೀಕ್ಷಿಸಿದರೆ ಸಾಲದು. ಭಾಗಶಃ ಕೇಳಿಸುವ ಮಗು ಕುಕ್ಕರ್ ವಿಸಿಲ್‌ಗೆ ಬೆಚ್ಚಬಹುದು, ಆದರೆ ‘ಸ’, ‘ತ’, ‘ಪ’ದಂಥ ಮೆಲುದನಿಗಳು ಅದಕ್ಕೆ ಸಿಗದೇ ಇರಬಹುದು. ಕಿವಿ ಕೇಳದ ಕೂಸುಗಳೂ ಮೊದಲ ತಿಂಗಳುಗಳಲ್ಲಿ ‘ಊಂ’, ‘ಆ’ ಎಂದು ದನಿ ಮಾಡುತ್ತವೆ, ಅದರಿಂದಲೂ ಮೋಸ ಹೋಗಬಹುದು. ಓಎಇ ಎಂಬ ಪರೀಕ್ಷೆಯಲ್ಲಿ ಮಗು ಮಲಗಿರುವಾಗಲೇ ಕಿವಿಯಲ್ಲಿ ಸಣ್ಣ ಬಿರಡೆ ಇಟ್ಟು ಕೆಲವೇ ನಿಮಿಷಗಳಲ್ಲಿ ನೋಡುತ್ತಾರೆ, ನೋವಿಲ್ಲ. ಅದರಲ್ಲಿ ಅನುಮಾನ ಬಂದರೆ ಬೆರಾ ಎಂಬ ಇನ್ನೊಂದು ಪರೀಕ್ಷೆ.

ಒಂದು ವರ್ಷವಾದರೂ ‘ಬಬಬ, ದದದ’ ಇಲ್ಲದಿದ್ದರೆ, ಹದಿನಾರು ತಿಂಗಳಾದರೂ ಒಂದು ಪದ ಬರದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ನೀರು ಬೇಕು’ ಎಂದು ಎರಡು ಪದ ಜೋಡಿಸದಿದ್ದರೆ, ಹೆಸರು ಹಿಡಿದು ಕರೆದರೆ ತಿರುಗಿ ನೋಡದಿದ್ದರೆ ಕಾಯಬೇಡಿ. ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ಅದೇ ವಾರ ಮಕ್ಕಳ ತಜ್ಞರಲ್ಲಿಗೆ ಹೋಗಿ. ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿದರೆ ಅವರು ಜಿಲ್ಲಾ ಆಸ್ಪತ್ರೆಯ ಡಿಇಐಸಿ ವಿಭಾಗಕ್ಕೆ ಕಳಿಸುತ್ತಾರೆ, ಖರ್ಚಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ, ಮಾತಿನ ತರಬೇತಿ ಎರಡೂ ಒಂದೇ ಕಡೆ ಸಿಗುತ್ತವೆ. ಹೋಗುವಾಗ ಮಗು ಹೇಳುವ ಪದಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಮನೆಯಲ್ಲಿ ಅದು ದನಿ ಮಾಡುವ ವಿಡಿಯೊ ಒಂದೆರಡು ಫೋನಿನಲ್ಲಿರಲಿ. ಹೊಸ ಜಾಗದಲ್ಲಿ ಮಕ್ಕಳು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ.